ರದ್ದು ಅನ್ನೋ ಮಾತು ಕೊನೆಗೆ

ಸೋಮವಾರ, ಫೆಬ್ರವರಿ ಹತ್ತು
ವಿಮಾನ ನಿಲ್ದಾಣ, ಗೇಟಿನ ಎದುರಿನ ನೆಲ

ಅಮ್ಮಾ,

ಹೇಗಿದ್ದೀಯ? ಉತ್ತರ ಹೇಳೋಕೆ ಹೋಗಬೇಡ, ತಲೆ ಆಡಿಸು ಸಾಕು, ಅಕ್ಕ ನೋಡಿ ನಂಗೆ ಹೇಳ್ತಾಳೆ. ಸಂಜೇನೇ ಸುದ್ದಿ ಕಳಿಸಬೇಕಿತ್ತು, ತಡ ಆಯ್ತು. ಬೈಯೋದಿದ್ರೆ ಮನಸ್ಸಲ್ಲೇ ಬೈಕೋ. ಗಂಟಲಿಗೆ ಕೆಲಸ ಕೊಡಬೇಡಿ ಅಂದಿದ್ದಾರಲ್ಲ ಡಾಕ್ಟರು.

ಇದನ್ನ ನಾನು ಬರೀತಿಲ್ಲ. ನಾನು ಹೇಳ್ತಿದ್ದೀನಿ, ಫೋನು ಬರ್ಕೊಳ್ತಿದೆ. ವಾರ್ಡಲ್ಲಿ ದೀಪ ಆರಿಸಿದ ಮೇಲೆ ಸದ್ದು ಮಾಡೋ ಹಾಗಿಲ್ಲ ಅಂತ ಅಕ್ಕ ಹೇಳಿದ್ಲು, ಅದಕ್ಕೆ ನಿಂಗೆ ಓದೋಕೆ ಅಂತ ಹೀಗೆ. ತಪ್ಪು ಬಿದ್ದಿದ್ರೆ ಅದು ಫೋನಿಂದು. ಸರಿಯಾಗಿದ್ದದ್ದೆಲ್ಲ ನಂದು.

ಮೊದಲು ಇದನ್ನ ಕೇಳು. ನಾಳೆ ಬೆಳಿಗ್ಗೆ ಮೊದಲನೇ ವಿಮಾನದಲ್ಲಿ ನಂಗೆ ಸೀಟು ಸಿಕ್ಕಿದೆ. ನಡುವೆ ಒಂದು ಊರಲ್ಲಿ ಇಳಿದು ಇನ್ನೊಂದು ಹತ್ತಬೇಕು. ನಾಳೆ ರಾತ್ರಿ ನಿನ್ನ ಮಂಚದ ಪಕ್ಕ ಇರ್ತೀನಿ. ಆಪರೇಷನ್ ಇರೋದು ಬುಧವಾರ ಮಧ್ಯಾಹ್ನ, ಬೇಕಾದಷ್ಟು ಸಮಯ ಇದೆ. ಈಗ ಹೇಳ್ತೀನಿ. ಇವತ್ತಿನ ವಿಮಾನ ರದ್ದಾಯ್ತು.

ನೋಡು, ನೀನು ಕಲಿಸಿದ ಹಾಗೇ ಹೇಳಿದೆ. ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಕೂತಿದ್ದಷ್ಟು ವರ್ಷ ನೀನು ಹೀಗೇ ಹೇಳಿದ್ದು. ಹೊಸಬರು ಕೆಲಸಕ್ಕೆ ಬಂದ್ರೆ ಅವರಿಗೂ ಅದೇ ಪಾಠ. 'ರದ್ದು ಅಂದ ತಕ್ಷಣ ಜನರ ಕಿವಿ ಮುಚ್ಚಿಹೋಗುತ್ತೆ. ಆಮೇಲೆ ಹೇಳಿದ್ದೆಲ್ಲ ಗೋಡೆಗೆ. ಮುಂದಿನ ಬಸ್ಸು ಯಾವುದು, ಎಲ್ಲಿ ನಿಲ್ಲುತ್ತೆ, ಯಾರನ್ನ ಕೇಳಬೇಕು, ಅದನ್ನ ಮೊದಲು ಹೇಳು. ರದ್ದು ಅನ್ನೋದನ್ನ ಕೊನೆಗೆ ಹೇಳು.' ಮನೇಲೂ ಅದೇ ಕಾಯಿದೆ. 'ಬ್ರೆಡ್ ಇದೆ, ಮೊಟ್ಟೆ ಇದೆ, ಪಾತ್ರೆ ನೆನೆಹಾಕಿದ್ದೀನಿ. ಅಡುಗೆ ಸೀದುಹೋಗಿದೆ.'

ಇಲ್ಲಿ ಮೈಕಲ್ಲಿದ್ದವನು ಯಾರೋ, ಬಾಯಿ ತೆಗೆದವನೇ ರದ್ದು ಅಂದ. ನೀನಿದ್ದಿದ್ರೆ ಹೋಗಿ ಮೈಕು ಕಿತ್ಕೊಳ್ತಿದ್ದೆ. ಗೇಟಿನ ಮುಂದೆ ಕೂತಿದ್ದವರೆಲ್ಲ ಒಟ್ಟಿಗೇ ಎದ್ದು ಕೂಗೋಕೆ ಶುರು ಮಾಡಿದ್ರು. ಪಾಪ, ಮಂಜು ಕವಿದಿದೆ, ಕೆಳಗಿನ ಮಹಡಿಯ ಕೌಂಟರಿಗೆ ಹೋಗಿ, ಬೇರೆ ಸೀಟು ಕೊಡ್ತಾರೆ ಅಂತ ಅವನು ಎಲ್ಲಾ ಹೇಳ್ದ. ಕೇಳಿಸ್ಕೊಂಡವರು ಯಾರು? ನಾನು ನಿನ್ನ ಮಗ, ಮೈಕಿನ ಮಾತು ಮುಗಿಯೋವರೆಗೂ ಕದಲಲ್ಲ. ಕೆಳಗಿನ ಮಹಡಿ ಅನ್ನೋದು ಕಿವಿಗೆ ಬಿದ್ದಿದ್ದೇ ತಡ, ಬ್ಯಾಗು ಹೆಗಲಿಗೆ ಹಾಕ್ಕೊಂಡು ಮೆಟ್ಟಿಲಿಳಿದೆ. ಲಿಫ್ಟ್ ಹತ್ತಲಿಲ್ಲ. ಲಿಫ್ಟ್ ರಿಪೇರಿ ಮಾಡೋವನು ಅವಸರದಲ್ಲಿ ಲಿಫ್ಟ್ ನಂಬಲ್ಲ.

ಸಾಲಲ್ಲಿ ನಿಂತ್ಕೊಂಡೇ ಸಹಾಯವಾಣಿಗೂ ಫೋನ್ ಹಚ್ಚಿದೆ. ನನ್ನ ಹಿಂದೆ ಒಬ್ಬರು ಆಂಟಿ, ಮಂಡಿ ನೋವಂತೆ, ಮಡಚೋ ಸ್ಟೂಲ್ ಜೊತೇಲೇ ಇಟ್ಕೊಂಡಿದ್ರು. ಸಾಲು ಒಂದು ಹೆಜ್ಜೆ ಮುಂದೆ ಹೋದ್ರೆ ಸ್ಟೂಲೂ ಒಂದು ಹೆಜ್ಜೆ ಮುಂದೆ.

"ಏನಪ್ಪಾ, ಎರಡು ಕಡೆ ನಿಂತಿದ್ದೀಯ?" ಅಂದ್ರು.

"ಇಲ್ಲಿ ಕಾಲು ನಿಂತಿದೆ ಆಂಟಿ, ಅಲ್ಲಿ ಕಿವಿ ನಿಂತಿದೆ. ಯಾವುದು ಮೊದಲು ಮುಟ್ಟುತ್ತೋ ನೋಡೋಣ."

"ಅಷ್ಟು ಅರ್ಜೆಂಟಾ?"

"ಅಮ್ಮನ್ನ ನೋಡ್ಬೇಕು. ನಿಮಗೆ?"

"ನಂಗೇನಿಲ್ಲ. ಮಗನ ಮನೆಗೆ ಹೊರಟಿದ್ದೀನಿ. ನಾನು ತಡ ಆದಷ್ಟೂ ಸೊಸೆಗೆ ಖುಷಿ."

ಕಿವಿ ಗೆದ್ದಿತು. ಫೋನಿನವಳು, "ಮುಂದಿನ ನೇರ ವಿಮಾನ ಗುರುವಾರ ಸರ್" ಅಂದ್ಲು. ನಾನು ಬಿಡಲಿಲ್ಲ. "ಮೇಡಂ, ನೇರದ್ದು ಬೇಡ. ನಾಳೆ ಒಳಗೆ ನಾನು ಆ ಊರಿಗೆ ಯಾವ ದಾರೀಲಿ ಹೋಗಬಹುದು, ಅದನ್ನ ಹೇಳಿ" ಅಂದೆ. ಸುತ್ತು ದಾರಿ ಒಂದು ಸಿಕ್ತು. ಆಂಟಿಗೂ ಅದೇ ಮಾಡಿಸಿಕೊಟ್ಟೆ. "ಹಾಳಾಗೋಯ್ತು, ನಾಳೆನೇ ಬರ್ತಿದ್ದೀನಿ ಅಂತ ಸೊಸೆಗೆ ಹೇಗೆ ಹೇಳ್ಲಿ" ಅಂತ ನಗ್ತಾ ಇದ್ರು.

ಈಗ ನೆಲದ ಮೇಲೆ ಒರಗಿದ್ದೀನಿ, ಶೂ ತಲೆದಿಂಬು. ಕೆಲಸದ ಕಡೆ ಏನೂ ತೊಂದರೆ ಇಲ್ಲ. 'ನೀನು ಎಷ್ಟು ಕೆಲಸ ಬಿಡ್ತೀಯೋ, ಇದನ್ನೂ ಬಿಡ್ತೀಯ' ಅಂತಿದ್ದೆಯಲ್ಲ, ಇದನ್ನ ಬಿಟ್ಟಿಲ್ಲ. ಯಾಕೆ ಗೊತ್ತಾ? ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಒಳಗಿನ ಸ್ಪೀಕರಲ್ಲಿ ಅವರ ಹತ್ರ ಮಾತಾಡೋದು ನಾನೇ. 'ನೆಲದ ಮೇಲೆ ಕೂತ್ಕೊಳಿ. ಗಾಳಿ ಬರ್ತಾ ಇರುತ್ತೆ. ಇನ್ನೇನು ಬಾಗಿಲು ತೆಗೀತೀವಿ. ಲಿಫ್ಟು ನಿಂತುಹೋಗಿದೆ.' ಯಾರ ಮಾತು ಅದು, ಹೇಳು?

ಅಮ್ಮಾ, ನೀನು ಕೊಟ್ಟ ಮಾತು ಮಾತ್ರ ಮರೀಬೇಡ. ಬಸ್ ಸ್ಟ್ಯಾಂಡಲ್ಲಿ ಕಳೆದುಹೋದ ಮಕ್ಕಳನ್ನೆಲ್ಲ ನೀನು ಮೈಕಲ್ಲಿ ಹೆಸರು ಹಿಡಿದು ಕರೀತಿದ್ದೆ. ಎಲ್ಲಿದ್ದರೂ ಕ್ಯಾಬಿನ್ನಿಗೆ ಬರಬೇಕು, ನಿಮ್ಮ ಅಮ್ಮ ಕಾಯುತ್ತಿದ್ದಾರೆ ಅಂತ. ನಂಗೆ ಆ ಮಕ್ಕಳ ಮೇಲೆ ಎಷ್ಟು ಹೊಟ್ಟೆಕಿಚ್ಚು. ನನ್ನನ್ನೂ ಕರೀಲಿ ಅಂತ ಲಗೇಜಿನ ಹಿಂದೆ ಬಚ್ಚಿಟ್ಕೊಂಡು ಕೂರ್ತಿದ್ದೆ. ನೀನು ಕ್ಯಾಬಿನ್ ಕಿಟಕಿಯಿಂದ ನೋಡಿ ಸುಮ್ಮನೆ ಬೆರಳು ಆಡಿಸ್ತಿದ್ದೆ, ಬಾ ಅಂತ. ಕೇಳಿದ್ರೆ, 'ಕಳೆದುಹೋಗದವನನ್ನ ಕರೆದ್ರೆ ಸುಳ್ಳಾಗುತ್ತೆ ಕಣೋ. ಮೈಕಲ್ಲಿ ಸುಳ್ಳು ಹೇಳಬಾರದು.' ದನಿ ರೆಕಾರ್ಡ್ ಮಾಡಿಟ್ಕೊಳ್ತೀವಿ ಅಂತ ಆಫೀಸಿನವರು ಬಂದಾಗ್ಲೂ ಅದೇ ಹಟ. 'ರೆಕಾರ್ಡಿಗೆ ಏನು ಗೊತ್ತು, ಬಸ್ಸು ಕೆಟ್ಟು ನಿಂತಿದ್ರೂ ಬರ್ತಾ ಇದೆ ಅಂತಿರುತ್ತೆ.' ಹಾಗಾಗಿ ನಿನ್ನ ದನಿ ಎಲ್ಲೂ ಇಲ್ಲ, ನಿನ್ನ ಗಂಟಲಲ್ಲಿ ಬಿಟ್ಟು. ಧ್ವನಿಪೆಟ್ಟಿಗೇನೇ ತೆಗೀಬೇಕು ಅಂತ ಡಾಕ್ಟರು ಹೇಳಿದ ದಿನ ನಾನು ಫೋನಲ್ಲಿ ಕೇಳ್ದೆ, ಈಗಲಾದ್ರೂ ಒಂದ್ಸಲ ಕರೀ ಅಂತ. 'ಫೋನಲ್ಲಿ ಬೇಡ, ಬಾ. ಬಂದ್ಮೇಲೆ ಕರೀತೀನಿ' ಅಂದೆ. ಆ ಮಾತು ಹಿಡ್ಕೊಂಡೇ ಹೊರಟಿದ್ದೀನಿ.

ನಿದ್ದೆ ಮಾಡು. ಉಳಿದ ದನಿ ನಂಗೆ ಇಡು. ನರ್ಸಮ್ಮನ ಜೊತೆ ಜಗಳಕ್ಕೆ ಖರ್ಚು ಮಾಡಬೇಡ.

ನಿನ್ನ ಮಗ,
ಕಾಲಿಗೆ ಚಕ್ರ ಕಟ್ಕೊಂಡವನು


ಮಂಗಳವಾರ, ಫೆಬ್ರವರಿ ಹನ್ನೊಂದು
ಬಸ್ಸು, ಡ್ರೈವರ್ ಹಿಂದೆ, ಸ್ಟೂಲಿನ ಮೇಲೆ

ಅಮ್ಮಾ,

ಬೆಳಿಗ್ಗೆ ಎಂಟಕ್ಕೆ ಮೊದಲು ನಾನು ಆಸ್ಪತ್ರೇಲಿ ಇರ್ತೀನಿ. ಹಿಂದಿನ ಬಾಗಿಲಿಂದ ಬರ್ತೀನಿ, ಕಾವಲಿನವರಿಗೆ ಅಕ್ಕ ಹೇಳಿಟ್ಟಿದ್ದಾಳೆ. ಬಸ್ಸು ಚೆನ್ನಾಗಿ ಓಡ್ತಿದೆ. ಡ್ರೈವರಣ್ಣ ಒಳ್ಳೆಯವರು.

ಈಗ ನಿಂಗೆ ಗೊತ್ತಾಗಿರುತ್ತೆ. ಹೌದು, ಎರಡನೇ ವಿಮಾನವೂ ರದ್ದು.

ಮೊದಲನೇದು ಹಾರಿತು, ಚೆನ್ನಾಗೇ ಇಳೀತು. ನಡುವಿನ ಊರಲ್ಲಿ ತಡ, ಇನ್ನೂ ತಡ ಅಂತ ಕತ್ತಲಾಗೋವರೆಗೂ ಆಂಟಿ, ನಾನು ಗೇಟಿನ ಮುಂದೆ ಕೂತಿದ್ವಿ. ಗೇಟಿನ ಮೇಡಂ ವಾಕಿಟಾಕಿ ಕಿವಿಗಿಟ್ಕೊಂಡು ಕಣ್ಣು ಮುಚ್ಚಿದ್ರು ನೋಡು, ನಂಗೆ ಗೊತ್ತಾಗಿಹೋಯ್ತು. ಬಸ್ಸು ಕೆಟ್ಟ ಸುದ್ದಿ ಬಂದಾಗ ನೀನೂ ಹಾಗೇ ಕಣ್ಣು ಮುಚ್ಚಿ ಒಂದು ಉಸಿರು ತಗೊಂಡು ಆಮೇಲೆ ಮೈಕು ಒತ್ತುತ್ತಿದ್ದೆ. ನಾನು ಎದ್ದು ಹೋದೆ.

"ಮೇಡಂ, ರದ್ದಾಯ್ತಾ?"

"ಕೂತ್ಕೊಳಿ ಸರ್, ಈಗ ಹೇಳ್ತೀನಿ."

"ಹೇಳಿ. ಆದ್ರೆ ರದ್ದು ಅನ್ನೋದನ್ನ ಕೊನೆಗೆ ಹೇಳಿ. ಮೊದಲು ಏನು ಮಾಡಬೇಕು ಅಂತ ಹೇಳಿ."

"ಕಂಪ್ಯೂಟರಲ್ಲಿ ಬಂದದ್ದನ್ನ ಬಂದ ಹಾಗೆ ಓದಬೇಕು ಸರ್ ನಾವು."

"ಬಂದದ್ದನ್ನೇ ಓದಿ. ಕೆಳಗಿಂದ ಮೇಲಕ್ಕೆ ಓದಿ."

ನನ್ನನ್ನ ಮೇಲಿಂದ ಕೆಳಕ್ಕೆ ನೋಡಿದ್ರು. ಹುಚ್ಚನೋ, ಇಲ್ಲಾ ಇಲಾಖೆಯವನೋ ಅಂತ ಇರಬೇಕು. ನನ್ನ ಹಿಂದೆ ಆಂಟಿ ಸ್ಟೂಲ್ ಮೇಲೆ ಕೂತಿದ್ದೋರು, "ಅವನ ಮಾತು ಕೇಳಮ್ಮ, ಅವನಮ್ಮಂದು ಅದೇ ಕೆಲಸ" ಅಂದ್ರು. ಮೇಡಂ ಮೈಕು ಒತ್ತಿದ್ರು. ಊಟದ ಚೀಟಿ ಇಲ್ಲಿ ಕೊಡ್ತೀವಿ, ಉಳ್ಕೊಳ್ಳೋರು ಎಡಗಡೆ ಸಾಲಲ್ಲಿ ಬನ್ನಿ, ದುಡ್ಡು ವಾಪಸ್ ಬೇಕಾದವರು ಬಲಗಡೆ, ನಾಳೆ ಸಂಜೆಯ ವಿಮಾನದಲ್ಲಿ ಎಲ್ಲರಿಗೂ ಸೀಟಿದೆ. ಸಿಬ್ಬಂದಿಯ ಕೆಲಸದ ಅವಧಿ ಮುಗಿದ ಕಾರಣ ಈ ವಿಮಾನ ರದ್ದಾಗಿದೆ.

ಅಮ್ಮಾ, ಜನ ನಿಂತಲ್ಲೇ ಎಡ ಯಾವುದು ಬಲ ಯಾವುದು ಅಂತ ನೋಡ್ಕೊಂಡ್ರು. ಟೈ ಕಟ್ಟಿದ್ದ ಒಬ್ಬರು ಮಾತ್ರ ಕೂಗಾಡಿದ್ರು. ಆದ್ರೆ ಸಾಲಲ್ಲಿ ನಿಂತ್ಕೊಂಡು ಕೂಗಾಡಿದ್ರು.

ನಂಗೆ ನಾಳೆ ಸಂಜೆ ಯಾಕೆ ಬೇಕು? ಬಲಗಡೆ ಸಾಲಿಗೆ ಹೋದೆ. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ಲಿದ್ದೀಯೋ? ನೋಡು, ನಿಂಗೆ ಪಾಸ್ ಮಾಡಿಸಿಟ್ಟಿದ್ದೀನಿ. ಹಿಂದಿನ ಬಾಗಿಲಿಂದ ಬಾ, ಕಾವಲಿನವರಿಗೆ ಹೇಳಿದ್ದೀನಿ. ಹೊದೆಯೋಕೆ ತಂದಿಟ್ಟಿದ್ದೀನಿ. ಅಮ್ಮನ ಪಕ್ಕದ ಕುರ್ಚಿ ನಿಂಗೇ, ನಾನು ಹೊರಗೆ ಮಲಗ್ತೀನಿ."

ಅಕ್ಕ ನಂಗೆ ಕುರ್ಚಿ ಬಿಟ್ಟುಕೊಟ್ಟಿದ್ದು ಹುಟ್ಟಿದಾಗಿಂದ ಯಾವಾಗ?

"ಅಕ್ಕಾ, ಸಾಕು. ರದ್ದಾಗಿದ್ದು ಏನು?"

ಫೋನು ಹಿಡ್ಕೊಂಡೇ ವಾರ್ಡಿಂದ ಆಚೆ ಬಂದ್ಲು ಅನ್ಸುತ್ತೆ. ಹಿಂದೆ ಯಾವುದೋ ಟ್ರಾಲಿ ಹೋದ ಸದ್ದು ಬಂತು.

"ಮಧ್ಯಾಹ್ನ ಅಲ್ಲ ಕಣೋ. ಇನ್ಯಾರದ್ದೋ ಮುಂದಕ್ಕೆ ಹಾಕಿದ್ದಾರಂತೆ. ನಾಳೆ ಬೆಳಿಗ್ಗೆ ಮೊದಲನೇದೇ ಅಮ್ಮಂದು. ಎಂಟಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ."

"ಸ್ವಲ್ಪ ತಡ ಮಾಡಿ ಅಂತ ಕೇಳು."

"ಕೇಳ್ದೆ. ನಾನು ಕೇಳಲ್ಲ ಅಂದ್ಕೊಂಡ್ಯಾ? ಬಿಟ್ರೆ ಮುಂದಿನ ತಿಂಗಳು ಅಂತಾರೆ. ಗಂಟಲಿನ ಗಂಟು ಕಾಯಲ್ಲ ಅಂತಾರೆ."

ನಾನು ಆಯ್ತು ಅಂದೆ. ಅಳೋಕೆ ಸಮಯ ಇರಲಿಲ್ಲಮ್ಮ, ನಿಜವಾಗ್ಲೂ. ಬ್ಯಾಗು ಒಂದೇ, ಅದೂ ಹೆಗಲಲ್ಲೇ ಇತ್ತು. ಸಾಮಾನು ಒಳಗೆ ಹಾಕಿದ್ದವರೆಲ್ಲ ಬೆಲ್ಟಿನ ಮುಂದೆ ನಿಂತಿದ್ರು, ನಾನು ಹೊರಗೆ ಬಂದುಬಿಟ್ಟೆ. ರೈಲು ಸಂಜೇನೇ ಹೋಗಿತ್ತು. ಬಸ್ಸು ಇತ್ತು, ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಏಳಕ್ಕೆ ನಮ್ಮೂರು ಸೇರೋದು. ಆದ್ರೆ ಒಂದು ಸೀಟೂ ಇಲ್ಲ.

ಆಂಟಿ ನನ್ನ ಹಿಂದೇನೇ ಬಾಗಿಲವರೆಗೂ ಕುಂಟುತ್ತಾ ಬಂದಿದ್ರು. ಸ್ಟೂಲ್ ಮಡಚಿ ಕೈಗಿಟ್ರು.

"ನಿಮ್ಮ ಮಂಡಿ?"

"ನಂಗೆ ಹೋಟೆಲಲ್ಲಿ ಮಂಚ ಕೊಡ್ತಾರೆ. ನೀನು ಹೋಗು. ನಿನ್ನಮ್ಮ ಕರೆಯೋದು ಏನಿದೆಯೋ ಅದನ್ನ ಕಿವಿ ತುಂಬ ಕೇಳು."

ಎಲ್ಲಾ ಹೇಳ್ಕೊಂಡಿದ್ದೆ ಅವರ ಹತ್ರ, ಬೈಬೇಡ.

ಕಂಡಕ್ಟರ್ ಸ್ಟೂಲ್ ನೋಡಿ, "ಏನ್ರೀ ಇದು, ಮನೆ ಸಾಮಾನೆಲ್ಲ ಹೊತ್ಕೊಂಡು ಬಂದಿದ್ದೀರಾ?" ಅಂದ. ಸೀಟಿಲ್ಲ ಅಂದ್ರಲ್ಲ, ನನ್ನ ಸೀಟು ನಾನೇ ತಂದಿದ್ದೀನಿ ಅಂದೆ. ಆಗಲ್ಲ ಅಂತ ಬಾಗಿಲಿಗೆ ಅಡ್ಡ ನಿಂತ. ಡ್ರೈವರಣ್ಣ ಯಾವ ಊರು ಅಂತ ಕೇಳಿದ್ರು. ಹೇಳ್ದೆ. ಅಲ್ಲಿ ಬಸ್ ಸ್ಟ್ಯಾಂಡಲ್ಲಿ ಮೊದಲು ಒಬ್ಬರು ಮೈಕಲ್ಲಿ ಹೇಳ್ತಿದ್ರು ಅಂದೆ. "ಓ, ಆ ಅಮ್ಮನಾ? ಒಂದ್ಸಲ ನನ್ನ ಬಸ್ಸಿನ ಟೈರು ಹೋಗಿತ್ತು. ಜನ ನನ್ನ ಹೊಡೀತಿದ್ರು, ಆಯಮ್ಮ ಮೈಕಲ್ಲಿ ಏನೋ ಹೇಳಿ ಎಲ್ಲರನ್ನೂ ಪಕ್ಕದ ಬಸ್ಸಿಗೆ ಕಳಿಸಿಬಿಟ್ರು" ಅಂದ್ರು. ಅಷ್ಟೇ. ಅವರ ಸೀಟಿನ ಹಿಂದೆ ಜಾಗ ಮಾಡಿಕೊಟ್ರು.

ಈಗ ನಾನು ಪಿಸುಗುಟ್ತಾ ಹೇಳೋದನ್ನ ಕನ್ನಡೀಲಿ ನೋಡ್ತಿದ್ದಾರೆ.

"ಯಾರ ಹತ್ರ ಮಾತು?"

"ಅಮ್ಮನ ಹತ್ರ."

"ಆ ಕಡೆಯಿಂದ ಅವರ ದನಿನೇ ಕೇಳಿಸ್ತಿಲ್ಲವಲ್ಲ?"

"ಅವರದ್ದು ನಾಳೆ" ಅಂದೆ.

ಬರ್ತಾ ಇದ್ದೀನಿ. ಸ್ಟೂಲಿನ ಒಂದು ಕಾಲು ಕುಂಟು, ಬಸ್ಸು ತಿರುಗಿದಾಗೆಲ್ಲ ಕಂಬ ಅಪ್ಕೋಬೇಕು. ನಿದ್ದೆ ಬರೋ ಭಯವಿಲ್ಲ. ಎಂಟು ಗಂಟೆಯವರೆಗೆ ಆಸ್ಪತ್ರೆಯವರನ್ನ ಹೇಗಾದ್ರೂ ತಡೆದಿಡು. ನಿನ್ನಿಂದ ಆಗದ್ದು ಏನಿದೆ.

ನಿನ್ನ ಚಕ್ರ


ಬುಧವಾರ, ಫೆಬ್ರವರಿ ಹನ್ನೆರಡು
ಆಸ್ಪತ್ರೆಯ ಕಾರಿಡಾರು

ಅಮ್ಮಾ,

ಇದನ್ನ ಓದೋವಾಗ ನೀನು ಎಚ್ಚರ ಆಗಿರ್ತೀಯ. ಗಾಬರಿ ಮಾಡ್ಕೋಬೇಡ. ಬಲಗಡೆ ದಿಂಬಿನ ಪಕ್ಕ ಒಂದು ಸ್ಲೇಟಿದೆ, ಬಳಪ ದಾರದಲ್ಲಿ ಕಟ್ಟಿದೆ, ಬಿದ್ರೂ ಕಳೆಯಲ್ಲ. ಏನಾದ್ರೂ ಬೇಕಾದ್ರೆ ಬರಿ, ಇಲ್ಲಾ ಎಡಗಡೆ ಗುಂಡಿ ಒತ್ತು. ಗಂಟಲ ಕೆಳಗೆ ಒಂದು ರಂಧ್ರ ಮಾಡಿದ್ದಾರೆ, ಉಸಿರಾಟ ಅಲ್ಲಿಂದ. ಕೈ ಹಾಕಬೇಡ. ಮೊದಲೆರಡು ದಿನ ಕೆಮ್ಮು ಬರುತ್ತಂತೆ, ಅದು ಸರಿಯಾದದ್ದೇ. ಗಾಯ ಮಾಗಿದ ಮೇಲೆ ಇನ್ನೊಂದು ರೀತಿ ಮಾತು ಕಲಿಸೋಕೆ ಒಬ್ಬರು ಮೇಷ್ಟ್ರು ಬರ್ತಾರಂತೆ. ಪೂರ್ತಿ ಬೇರೆ ದನಿಯಂತೆ. ಕಲಿಯೋದು ಕಷ್ಟ ಅಂದ್ರು ಡಾಕ್ಟರು. ನಮ್ಮಮ್ಮನ್ನ ನಿಮಗೆ ಗೊತ್ತಿಲ್ಲ ಅಂದೆ.

ಗಂಟು ಪೂರ್ತಿ ತೆಗೆದಿದ್ದಾರೆ. ಎಲ್ಲಾ ಚೆನ್ನಾಗಿ ಆಯ್ತು ಅಂತ ಡಾಕ್ಟರು ಟೋಪಿ ಕೂಡ ತೆಗೀದೆ ಹೊರಗೆ ಬಂದು ಹೇಳಿದ್ರು. ಅಕ್ಕ ಅಲ್ಲೇ ಕೂತ್ಕೊಂಡ್ಲು. ಸ್ಟೂಲ್ ಉಪಯೋಗಕ್ಕೆ ಬಂತು.

ಬಸ್ಸು ಸರಿಯಾದ ಸಮಯಕ್ಕೇ ಬಂತು. ಸ್ಟ್ಯಾಂಡಿನ ಒಳಗೆ ಬರೋಕೆ ಮೊದಲೇ, ಆಸ್ಪತ್ರೆ ಕಡೆ ತಿರುಗೋ ಮೂಲೇಲಿ ಡ್ರೈವರಣ್ಣ ನನ್ನನ್ನ ಇಳಿಸಿದ್ರು. ನಿಯಮ ಇಲ್ಲ, ಆದ್ರೂ ಇಳಿಸಿದ್ರು. ಓಡಿದೆ. ಕಾವಲಿನವರು ನನ್ನ ಮುಖ ನೋಡಿದ್ದೇ ಬಾಗಿಲು ತೆಗೆದ್ರು, ಪಾಸ್ ಕೇಳಲಿಲ್ಲ.

ಆಂಟಿ ಮಗನ ಮನೆ ಸೇರೋದು ಇವತ್ತು ರಾತ್ರಿ. ಸ್ಟೂಲ್ ವಾಪಸ್ ಕೊಡೋಕೆ ಹೋಗಬೇಕು, ನೀನೂ ಬರಬೇಕು. ಸೊಸೆ ಬಾಗಿಲು ತೆಗೆದಾಗ ಅವಳ ಮುಖ ನೋಡೋ ಆಸೆ ನಂಗೆ.

ಇನ್ನೊಂದು ವಿಷಯ. ನಮ್ಮ ಯಜಮಾನರಿಗೆ ಫೋನ್ ಮಾಡಿದ್ದೆ. ಅವರಿಗೆ ಈ ಊರಲ್ಲೂ ಕೆಲಸ ಇದೆಯಂತೆ, ಹಳೇ ಕಟ್ಟಡಗಳ ಲಿಫ್ಟು, ಯಾರೂ ಮುಟ್ಟಲ್ಲವಂತೆ. ನಾನು ಮುಟ್ತೀನಿ ಅಂದೆ. ಹುಬ್ಬು ಏರಿಸಬೇಡ. ಚಕ್ರ ಬಿಚ್ಚಿಟ್ಟಿದ್ದೀನಿ ಅಂತ ಹೇಳ್ತಿಲ್ಲ, ಸ್ವಲ್ಪ ದಿನ ಗಾಳಿ ಬಿಟ್ಟಿದ್ದೀನಿ ಅಷ್ಟೇ. ಮೇಷ್ಟ್ರು ಪಾಠ ಹೇಳೋವಾಗ ನಿನ್ನ ಪಕ್ಕ ಕೂರೋಕೆ ಯಾರಾದ್ರೂ ಬೇಕಲ್ಲ. ಅಕ್ಕ ಕೂತ್ರೆ ನೀವಿಬ್ಬರೂ ಸೇರಿ ಮೇಷ್ಟ್ರಿಗೇ ಪಾಠ ಹೇಳ್ತೀರ.

ಬೇಗ ಎದ್ದು ಕೂತ್ಕೋ. ನಿನ್ನ ಮೈಗೆ ಬಲ ಬರಲಿ, ಹಟ ಹಾಗೇ ಇರಲಿ. ನಾನು ಗಾಜಿನ ಬಾಗಿಲ ಹೊರಗೇ ಇದ್ದೀನಿ. ನೀನು ಬೆರಳು ಆಡಿಸಿದ್ರೆ ಸಾಕು, ಬರ್ತೀನಿ.

ನಿನ್ನ ಮಗ,
ಚಕ್ರ

ಇನ್ನೊಂದು ಮಾತು: ಅಮ್ಮಾ, ನಿಂಗೆ ಗೊತ್ತಾಗಿರುತ್ತೆ, ಇಷ್ಟೆಲ್ಲ ಮೊದಲು ಹೇಳ್ದೆ ಅಂದ್ರೆ ರದ್ದಾಗಿದ್ದು ಏನೋ ಉಳಿದಿದೆ ಅಂತ.

ಎಂಟಕ್ಕೆ ಅಂದಿದ್ದವರು ನಿನ್ನನ್ನ ಬೇಗನೇ ಒಳಗೆ ಕರ್ಕೊಂಡು ಹೋಗಿದ್ರು. ನಾನು ಮೆಟ್ಟಿಲು ಹತ್ತಿ ಬಂದಾಗ ಮಂಚ ಇದ್ದ ಜಾಗದಲ್ಲಿ ನಿನ್ನ ಚಪ್ಪಲಿ ಮಾತ್ರ ಇತ್ತು.

ಅಕ್ಕ ಹೇಳಿದ್ಲು. ಕರ್ಕೊಂಡು ಹೋಗೋಕೆ ಬಂದವರನ್ನ ನೀನು ಕೈ ಎತ್ತಿ ನಿಲ್ಲಿಸಿದ್ಯಂತೆ. ಮಂಚದಿಂದ ಇಳಿದು ನರ್ಸಮ್ಮನ ಮೇಜಿಗೆ ಹೋಗಿ, ಆಸ್ಪತ್ರೆಗೆಲ್ಲ ಕೇಳಿಸೋ ಮೈಕು ಕೇಳಿದ್ಯಂತೆ. "ಇದು ಡಾಕ್ಟರನ್ನ ಕರೆಯೋಕೆ ಮಾತ್ರ ಅಮ್ಮಾ" ಅಂದ್ರಂತೆ ಅವರು. ನೀನು ಕೇಳೋವಳಾ? ಕಣ್ಣು ಮುಚ್ಚಿ ಒಂದು ಉಸಿರು ತಗೊಂಡು ಒತ್ತಿದ್ಯಂತೆ. ವಾರದಿಂದ ಬರೀ ಗಾಳಿ ಬರ್ತಿದ್ದ ಗಂಟಲಲ್ಲಿ ಹಳೇ ದನಿ ಬಂತಂತೆ. ಮೊದಲು ನನ್ನ ಹೆಸರು, ಅಪ್ಪನ ಹೆಸರೂ ಸೇರಿಸಿ, ಪೂರ್ತಿ. ಎಲ್ಲಿದ್ದರೂ ವಾರ್ಡಿಗೆ ಬರಬೇಕು, ನಿಮ್ಮ ಅಮ್ಮ ಕಾಯುತ್ತಿದ್ದಾರೆ. ಎರಡು ಸಲ ಹೇಳಿದ್ಯಂತೆ, ಬಸ್ ಸ್ಟ್ಯಾಂಡಲ್ಲಿ ಹೇಳ್ತಿದ್ದ ಹಾಗೆ. ಅಕ್ಕ ಫೋನ್ ತೆಗೆದು ಹಿಡಿಯೋಕೆ ಹೋದ್ರೆ ಕಣ್ಣಲ್ಲೇ ಗದರಿಸಿದ್ಯಂತೆ.

ಎಲ್ಲರೂ ಕೇಳಿದ್ದಾರೆ ಅಮ್ಮಾ. ನರ್ಸಮ್ಮ, ಪಕ್ಕದ ಮಂಚದವರು, ನೆಲ ಒರೆಸೋರು, ಕೆಳಗೆ ಕಾವಲಿನವರು ಕೂಡ. ಅದಕ್ಕೇ ಅವರು ಪಾಸ್ ಕೇಳದೇ ಇದ್ದದ್ದು. ನಾನೊಬ್ಬನೇ ಕೇಳಲಿಲ್ಲ. ಆಗ ನಾನು ಬಸ್ಸಿನ ಕಂಬ ಹಿಡ್ಕೊಂಡು ನಿಂತಿದ್ದೆ.

ಆದ್ರೆ ಒಂದು ಸಮಾಧಾನ. ನೀನು ಮೈಕಲ್ಲಿ ಸುಳ್ಳು ಹೇಳಲಿಲ್ಲ. ಈ ಸಲ ನಾನು ನಿಜವಾಗ್ಲೂ ಕಳೆದುಹೋಗಿದ್ದೆ.

ಎದ್ದ ಮೇಲೆ ಸ್ಲೇಟ್ ತಗೋ. ಮೊದಲು ನನ್ನ ಹೆಸರು ಬರಿ, ಪೂರ್ತಿ. ನಾನು ಗಟ್ಟಿಯಾಗಿ ಓದ್ತೀನಿ.